ಸೊರಗಿದ್ದು ಮಗುವೋ, ಅಳತೆಯೋ? ಆರೋಗ್ಯ ಸಮೀಕ್ಷೆಯ ಅಂಕಿಗಳು ಹೇಳುವುದೇನು

ಧಾರವಾಡ: ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳ ಪೈಕಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರ ಪ್ರಮಾಣ 2005-06ರಲ್ಲಿ ಶೇ. 17.6ರಷ್ಟಿತ್ತು. ಹತ್ತು ವರ್ಷಗಳ ನಂತರ, 2015-16ರಲ್ಲಿ, ಅದು ಶೇ. 26.1ಕ್ಕೆ ಏರಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2019-20ರಲ್ಲಿ, ಮತ್ತೆ ಶೇ. 19.5ಕ್ಕೆ ಇಳಿಯಿತು. ಈ ಮೂರೂ ಅಂಕಿಗಳು ಒಂದೇ ಮೂಲದವು. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೇ, ನಾಲ್ಕನೇ ಹಾಗೂ ಐದನೇ ಸುತ್ತಿನ ಫಲಿತಾಂಶಗಳು ಇವು.

ಹತ್ತು ವರ್ಷ ಆರ್ಥಿಕವಾಗಿ ಮುನ್ನಡೆದ ರಾಜ್ಯದ ಮಕ್ಕಳು ಆ ಅವಧಿಯಲ್ಲಿ ಇಷ್ಟೊಂದು ಸೊರಗಿ, ನಂತರದ ನಾಲ್ಕೇ ವರ್ಷಗಳಲ್ಲಿ ಅಷ್ಟೇ ವೇಗವಾಗಿ ಚೇತರಿಸಿಕೊಂಡರೇ? ಅಥವಾ ಏರಿಳಿತ ಇರುವುದು ಮಕ್ಕಳ ಮೈಯಲ್ಲಲ್ಲ, ಅವರನ್ನು ಅಳೆದ ಬಗೆಯಲ್ಲಿಯೇ? ಇದು ಬರಿಯ ಸಂಖ್ಯಾಶಾಸ್ತ್ರದ ಪ್ರಶ್ನೆಯಲ್ಲ. ಯಾವ ಜಿಲ್ಲೆಗೆ ಎಷ್ಟು ಪೌಷ್ಟಿಕ ಆಹಾರ, ಎಷ್ಟು ಸಿಬ್ಬಂದಿ, ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿಗೆ ಎಷ್ಟು ಹಾಸಿಗೆ ಎಂಬ ಚರ್ಚೆಗಳಲ್ಲೆಲ್ಲ ಆಧಾರವಾಗಿ ಮುಂದಿಡುವುದು ಇವೇ ಅಂಕಿಗಳನ್ನು.

ಮೂರು ಅಳತೆ, ಮೂರು ಸೂಚ್ಯಂಕ

ಸಮೀಕ್ಷೆಯ ಸಿಬ್ಬಂದಿ ಮಗುವಿನ ಬಗ್ಗೆ ಮುಖ್ಯವಾಗಿ ಮೂರು ಸಂಗತಿಗಳನ್ನು ದಾಖಲಿಸುತ್ತಾರೆ: ವಯಸ್ಸು, ಎತ್ತರ, ತೂಕ. ಇವುಗಳಲ್ಲಿ ಎರಡೆರಡನ್ನು ಜೋಡಿಸಿದಾಗ ಮೂರು ಸೂಚ್ಯಂಕಗಳು ದೊರೆಯುತ್ತವೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ಕುಂಠಿತ ಬೆಳವಣಿಗೆ. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಕೃಶತೆ. ವಯಸ್ಸಿಗೆ ತಕ್ಕ ತೂಕವಿಲ್ಲದಿದ್ದರೆ ಕಡಿಮೆ ತೂಕ. ಮೊದಲನೆಯದು ದೀರ್ಘಕಾಲದ ಕೊರತೆಯನ್ನು ಸೂಚಿಸಿದರೆ, ಎರಡನೆಯದು ಇತ್ತೀಚಿನ ಹಸಿವು ಅಥವಾ ಕಾಯಿಲೆಯನ್ನು ಸೂಚಿಸುತ್ತದೆ. ಮೂರನೆಯದು ಇವೆರಡರ ಮಿಶ್ರಣ.

ಹೋಲಿಕೆಗೆ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡವನ್ನು. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ 1997ರಿಂದ 2003ರವರೆಗೆ ಸುಮಾರು 8,500 ಆರೋಗ್ಯವಂತ ಮಕ್ಕಳನ್ನು ಅಳೆದು ಅದನ್ನು ರೂಪಿಸಲಾಯಿತು. ಒಂದು ಮಗು ಆ ಮಾನದಂಡದ ಮಧ್ಯಾಂಕದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಹೇಳುವ ಸಂಖ್ಯೆಗೆ ಝಡ್ ಸ್ಕೋರ್ ಎಂದು ಹೆಸರು. ಅದು ಮೈನಸ್ 2ಕ್ಕಿಂತ ಕೆಳಗಿದ್ದರೆ ಅಪೌಷ್ಟಿಕತೆ, ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ.

ಒಂದು ಸೆಂಟಿಮೀಟರಿನ ಬೆಲೆ

ಎರಡು ವರ್ಷದ ಗಂಡುಮಗುವಿನ ಎತ್ತರದ ಮಧ್ಯಾಂಕ 87.1 ಸೆಂ.ಮೀ. ಕುಂಠಿತ ಬೆಳವಣಿಗೆಯ ಗಡಿ ಗೆರೆ 81 ಸೆಂ.ಮೀ. ಇವೆರಡರ ನಡುವಿನ ಆರು ಸೆಂಟಿಮೀಟರಿನಲ್ಲಿ ಎರಡು ಝಡ್ ಸ್ಕೋರ್ ಅಡಗಿವೆ. ಅಂದರೆ ಒಂದು ಸೆಂಟಿಮೀಟರ್ ತಪ್ಪಿದರೆ ಮಗುವಿನ ಅಂಕ ಮೂರರಲ್ಲಿ ಒಂದು ಭಾಗದಷ್ಟು ಸರಿಯುತ್ತದೆ.

ಒಂದು ಸೆಂಟಿಮೀಟರ್ ತಪ್ಪುವುದು ಎಷ್ಟು ಸುಲಭವೆಂದು ಎಳೆಯ ಕೂಸನ್ನು ಅಳೆದವರಿಗಷ್ಟೇ ಗೊತ್ತು. ಎರಡು ವರ್ಷದೊಳಗಿನ ಮಕ್ಕಳನ್ನು ಅಳತೆಹಲಗೆಯ ಮೇಲೆ ಮಲಗಿಸಿ, ದೊಡ್ಡವರನ್ನು ನಿಲ್ಲಿಸಿ ಅಳೆಯಬೇಕೆಂಬುದು ನಿಯಮ. ಮಲಗಿಸಿದ ಅಳತೆ ನಿಲ್ಲಿಸಿದ ಅಳತೆಗಿಂತ ಸರಾಸರಿ 0.7 ಸೆಂ.ಮೀ. ಹೆಚ್ಚು ಬರುತ್ತದೆ. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದವನ್ನು ಹಲಗೆಗೆ ತಾಗಿಸಬೇಕು. ಮಗು ಅಳುತ್ತಾ ಕಾಲು ಮಡಿಸಿಕೊಂಡರೆ ಉದ್ದ ಕಡಿಮೆ ದಾಖಲಾಗುತ್ತದೆ. ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದರೆ ಹೆಚ್ಚು ದಾಖಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ರೂಪಿಸಿದ ಅಧ್ಯಯನದಲ್ಲಿ ಪ್ರತಿ ಮಗುವನ್ನೂ ಇಬ್ಬರು ಪ್ರತ್ಯೇಕವಾಗಿ ಅಳೆಯುತ್ತಿದ್ದರು. ಉದ್ದದಲ್ಲಿ 7 ಮಿ.ಮೀ., ತೂಕದಲ್ಲಿ 100 ಗ್ರಾಂಗಿಂತ ಹೆಚ್ಚು ಅಂತರ ಬಂದರೆ ಮತ್ತೆ ಅಳೆಯಬೇಕಿತ್ತು. ದಿನಕ್ಕೆ ಹತ್ತಾರು ಮನೆಗಳ ಬಾಗಿಲು ತಟ್ಟುವ ಸಮೀಕ್ಷೆಯಲ್ಲಿ ಅಂಥ ಬಿಡುವು ಸಿಗುವುದು ಕಷ್ಟ.

ಉಪಕರಣದ ಕೊರತೆಯೂ ಹಿಂದೆ ಕಾಡಿದ್ದುಂಟು. 1992-93ರ ಮೊದಲ ಸುತ್ತಿನಲ್ಲಿ ಅಳತೆಹಲಗೆಗಳು ಸಕಾಲಕ್ಕೆ ದೊರೆಯದ ಕಾರಣ ಆಂಧ್ರಪ್ರದೇಶ, ತಮಿಳುನಾಡು ಸೇರಿದಂತೆ ಐದು ರಾಜ್ಯಗಳಲ್ಲಿ ಮಕ್ಕಳ ಎತ್ತರವನ್ನು ಅಳೆಯಲೇ ಇಲ್ಲ. ಈಗ ಡಿಜಿಟಲ್ ತೂಕದ ಯಂತ್ರ, ಪ್ರಮಾಣಿತ ಹಲಗೆಗಳು ಬಂದಿವೆ. ಆದರೆ ಹಲಗೆಯ ಮೇಲೆ ಮಲಗುವ ಕೂಸು ಅಂದಿನಂತೆಯೇ ಕೈಕಾಲು ಆಡಿಸುತ್ತದೆ.

ಹುಟ್ಟಿದ ದಿನದ ಗೊಂದಲ

ಎತ್ತರ ಸರಿಯಾಗಿ ಅಳೆದರೂ ವಯಸ್ಸು ತಪ್ಪಾದರೆ ಲೆಕ್ಕ ಕೆಡುತ್ತದೆ. 80 ಸೆಂ.ಮೀ. ಎತ್ತರದ ಗಂಡುಮಗುವಿಗೆ 24 ತಿಂಗಳು ಎಂದು ಬರೆದರೆ ಅದು ಕುಂಠಿತ ಮಗು. ಅದೇ ಮಗುವಿಗೆ 21 ತಿಂಗಳು ಎಂದು ಬರೆದರೆ ಗಡಿ 79.4 ಸೆಂ.ಮೀ.ಗೆ ಇಳಿದು, ಮಗು ಸಹಜ ಮಕ್ಕಳ ಸಾಲಿಗೆ ಸೇರುತ್ತದೆ. ಮೂರು ತಿಂಗಳ ಗೊಂದಲ ಸಾಕು.

ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1ನ್ನೇ ಜನ್ಮದಿನವಾಗಿ ಹೊತ್ತ ಹಿರಿಯರು ಉತ್ತರ ಕರ್ನಾಟಕದ ಬಹುತೇಕ ಮನೆಗಳಲ್ಲಿ ಇಂದಿಗೂ ಸಿಗುತ್ತಾರೆ. ನಾಗರ ಪಂಚಮಿಯ ಹಿಂದುಮುಂದು, ಸಿದ್ಧಾರೂಢರ ಜಾತ್ರೆಯ ವೇಳೆಗೆ ಎಂದು ಹೆರಿಗೆಯ ದಿನವನ್ನು ನೆನಪಿಸಿಕೊಳ್ಳುವ ರೂಢಿಯೂ ಹೊಸದಲ್ಲ. ಇಂಥ ನೆನಪುಗಳಿಂದ ತಿಂಗಳನ್ನು ಅಂದಾಜಿಸಲು ಸಮೀಕ್ಷಕರು ಸ್ಥಳೀಯ ಹಬ್ಬ-ಜಾತ್ರೆಗಳ ಪಟ್ಟಿಯನ್ನು ಬಳಸುವ ಪದ್ಧತಿಯಿದೆ.

ಈ ಗೊಂದಲ ಅಂಕಿಗಳಲ್ಲಿ ವಿಚಿತ್ರ ಗುರುತು ಬಿಡುತ್ತದೆ. ಅಭಿವೃದ್ಧಿಶೀಲ ದೇಶಗಳ ಇಂಥ ಸಮೀಕ್ಷೆಗಳನ್ನು ಪರಿಶೀಲಿಸಿದ ಸಂಶೋಧಕರು, ಡಿಸೆಂಬರ್‌ನಲ್ಲಿ ಹುಟ್ಟಿದವರೆಂದು ದಾಖಲಾದ ಮಕ್ಕಳು ವಯಸ್ಸಿಗೆ ಹೋಲಿಸಿದರೆ ಎತ್ತರವಾಗಿ, ಜನವರಿಯವರು ಗಿಡ್ಡವಾಗಿ ಕಾಣುವುದನ್ನು ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಕಾರಣ ಸರಳ. ವರ್ಷ ನೆನಪಿದ್ದು ತಿಂಗಳು ಮರೆತಾಗ, ತಪ್ಪಾಗಿ ಡಿಸೆಂಬರ್ ಎಂದು ಬರೆಸಿಕೊಂಡ ಮಗು ನಿಜದಲ್ಲಿ ಅದೇ ವರ್ಷ ಮೊದಲೇ ಹುಟ್ಟಿರುತ್ತದೆ, ಬರೆದುದಕ್ಕಿಂತ ದೊಡ್ಡದಾಗಿರುತ್ತದೆ. ಜನವರಿ ಎಂದು ಬರೆಸಿಕೊಂಡದ್ದು ನಂತರ ಹುಟ್ಟಿರುತ್ತದೆ, ಬರೆದುದಕ್ಕಿಂತ ಎಳೆಯದಾಗಿರುತ್ತದೆ.

ಕರ್ನಾಟಕದ ಮಟ್ಟಿಗೆ ಈ ದೋಷ ತಗ್ಗಿರಲು ಕಾರಣವಿದೆ. 2005-06ರಲ್ಲಿ ಸುಮಾರು ಶೇ. 65ರಷ್ಟಿದ್ದ ಆಸ್ಪತ್ರೆ ಹೆರಿಗೆಗಳು 2019-20ರ ವೇಳೆಗೆ ಶೇ. 97ಕ್ಕೆ ಏರಿದವು. ತಾಯಿ ಕಾರ್ಡ್ ಇರುವ ಮನೆಯಲ್ಲಿ ಜಾತ್ರೆ ನೆನಪಿಸಿಕೊಳ್ಳುವ ಅಗತ್ಯವಿಲ್ಲ.

ತಪ್ಪುಗಳು ಸರಿತೂಗುವುದಿಲ್ಲ

ಕೆಲವರನ್ನು ಹೆಚ್ಚಾಗಿ, ಕೆಲವರನ್ನು ಕಡಿಮೆಯಾಗಿ ಅಳೆದರೆ ಒಟ್ಟಿನಲ್ಲಿ ಸರಿಹೋಗುವುದಿಲ್ಲವೇ ಎಂಬುದು ಸಹಜ ಪ್ರಶ್ನೆ. ಸರಾಸರಿಯ ವಿಷಯದಲ್ಲಿ ಹೌದು, ಶೇಕಡಾವಾರಿನ ವಿಷಯದಲ್ಲಿ ಅಲ್ಲ.

ಒಂದು ಜಿಲ್ಲೆಯ ಮಕ್ಕಳ ಸರಾಸರಿ ಅಂಕ ಮೈನಸ್ 1 ಎಂದು ಭಾವಿಸೋಣ. ಅಂಕಗಳ ಹರವನ್ನು ಹೇಳುವ ಮಾನಕ ವಿಚಲನೆ 1 ಇದ್ದರೆ, ಮೈನಸ್ 2ರ ಗೆರೆಯ ಕೆಳಗೆ ಸುಮಾರು ಶೇ. 16 ಮಕ್ಕಳು ಬರುತ್ತಾರೆ. ಸರಾಸರಿ ಹಾಗೆಯೇ ಇದ್ದು, ಅಳತೆಯ ಅಜಾಗರೂಕತೆಯಿಂದ ಹರವು ಮಾತ್ರ 1.3ಕ್ಕೆ ಹಿಗ್ಗಿದರೆ ಈ ಪ್ರಮಾಣ ಶೇ. 22 ದಾಟುತ್ತದೆ. 1.5 ಆದರೆ ಶೇ. 25. ಒಂದೇ ಒಂದು ಮಗುವೂ ಸೊರಗದೆ ಕಾಗದದ ಮೇಲೆ ಅಪೌಷ್ಟಿಕತೆ ಏರುತ್ತದೆ! ಗೆರೆಯ ಮೇಲಿರುವ ಮಕ್ಕಳೇ ಹೆಚ್ಚಾದ್ದರಿಂದ, ತಪ್ಪಿನಿಂದ ಕೆಳಗೆ ಬೀಳುವವರು ಮೇಲೇರುವವರಿಗಿಂತ ಹೆಚ್ಚಿರುತ್ತಾರೆ.

ಆದ್ದರಿಂದಲೇ ಪರಿಣತರು ಶೇಕಡಾವಾರಿಗಿಂತ ಮೊದಲು ಹರವನ್ನು ನೋಡುತ್ತಾರೆ. ಎತ್ತರಕ್ಕೆ ತಕ್ಕ ತೂಕದ ಅಂಕಗಳ ಮಾನಕ ವಿಚಲನೆ 0.85ರಿಂದ 1.10ರ ನಡುವೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲೇ ಸೂಚಿಸಿತ್ತು. ಎತ್ತರದ ಅಂಕಿಗಳು .0 ಮತ್ತು .5ರಲ್ಲಿ ಗುಂಪುಗೂಡಿದ್ದರೆ ಅಳೆದವರು ದುಂಡಾಗಿಸಿದ್ದಾರೆಂದು ಅರ್ಥ. ವಯಸ್ಸು 12, 24, 36 ತಿಂಗಳಲ್ಲಿ ಗುಂಪುಗೂಡಿದ್ದರೆ ಅಂದಾಜಿನಲ್ಲಿ ಬರೆದಿದ್ದಾರೆಂದು ಅರ್ಥ.

ಕರ್ನಾಟಕದ ಅಂಕಿಗಳ ಪರೀಕ್ಷೆ

ಈಗ ಮೂರು ಸುತ್ತುಗಳನ್ನು ಪಕ್ಕಪಕ್ಕದಲ್ಲಿಡಬಹುದು. ಕುಂಠಿತ ಬೆಳವಣಿಗೆ ಶೇ. 43.7, 36.2, 35.4. ಕೃಶತೆ ಶೇ. 17.6, 26.1, 19.5. ಕಡಿಮೆ ತೂಕ ಶೇ. 37.6, 35.2, 32.9.

ಪ್ರತಿ ಬಗೆಯ ದೋಷಕ್ಕೂ ಬೇರೆ ಬೇರೆ ಹೆಜ್ಜೆಗುರುತು ಇದೆ. ವಯಸ್ಸು ತಪ್ಪಿದರೆ ಕುಂಠಿತ ಬೆಳವಣಿಗೆ ಮತ್ತು ಕಡಿಮೆ ತೂಕ ಎರಡೂ ಒಂದೇ ದಿಕ್ಕಿಗೆ ಓಡುತ್ತವೆ. ಕೃಶತೆಯ ಲೆಕ್ಕದಲ್ಲಿ ವಯಸ್ಸೇ ಇಲ್ಲವಾದ್ದರಿಂದ ಅದು ಅಲುಗದು. ತೂಕ ತಪ್ಪಿದರೆ ಕೃಶತೆ ಮತ್ತು ಕಡಿಮೆ ತೂಕ ಜೊತೆಯಾಗಿ ಸಾಗುತ್ತವೆ. ಎತ್ತರವನ್ನು ಹೆಚ್ಚಾಗಿ ಬರೆದರೆ ಕುಂಠಿತ ಬೆಳವಣಿಗೆ ಇಳಿದು ಕೃಶತೆ ಏರುತ್ತದೆ. ಕಡಿಮೆ ತೂಕ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ಮೂರನೇ ಸುತ್ತಿನಿಂದ ನಾಲ್ಕನೇ ಸುತ್ತಿಗೆ ಆದದ್ದು ಬಹುಮಟ್ಟಿಗೆ ಈ ಕೊನೆಯ ಬಗೆಯದು. ಕುಂಠಿತ ಬೆಳವಣಿಗೆ 7.5 ಅಂಶ ಇಳಿಯಿತು, ಕೃಶತೆ 8.5 ಅಂಶ ಏರಿತು, ಕಡಿಮೆ ತೂಕ ಕೇವಲ 2.4 ಅಂಶ ಕದಲಿತು. ಮಕ್ಕಳು ನಿಜವಾಗಿಯೂ ಎತ್ತರವಾಗಿ, ತೂಕ ಮಾತ್ರ ಅದಕ್ಕೆ ತಕ್ಕಂತೆ ಹೆಚ್ಚದಿದ್ದರೂ ಇದೇ ಚಿತ್ರ ಮೂಡುತ್ತದೆ. ಎತ್ತರವನ್ನು ಹೆಚ್ಚಾಗಿ ದಾಖಲಿಸಿದ್ದರೂ ಇದೇ. 2015ರಲ್ಲಿ ರಾಜ್ಯ ಬರ ಎದುರಿಸಿತ್ತು ಎಂಬುದು ನಿಜ. ಆದರೆ ಬರ ತೂಕವನ್ನು ಇಳಿಸುವುದರಿಂದ ಕಡಿಮೆ ತೂಕದ ಮಕ್ಕಳೂ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ.

ಐದನೇ ಸುತ್ತು ಒಗಟನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಕೃಶತೆ 6.6 ಅಂಶ ಇಳಿದರೂ ಕಡಿಮೆ ತೂಕ ಇಳಿದದ್ದು 2.3 ಅಂಶ, ಕುಂಠಿತ ಬೆಳವಣಿಗೆ ಇಳಿದದ್ದು 0.8 ಅಂಶ. ಎತ್ತರ ಅಷ್ಟೇ ಇದ್ದು ಮಕ್ಕಳು ಮೈದುಂಬಿಕೊಂಡಿದ್ದರೆ ಕಡಿಮೆ ತೂಕದ ಪ್ರಮಾಣ ಇನ್ನೂ ಹೆಚ್ಚು ತಗ್ಗಬೇಕಿತ್ತು. ಸಮೀಕ್ಷೆ ನಡೆದ ಋತುವಿಗೂ ಇದರಲ್ಲಿ ಪಾತ್ರವಿರಬಹುದು. ಮಳೆಗಾಲದ ವಾಂತಿ-ಭೇದಿಯ ಬೆನ್ನಲ್ಲೇ ತೂಗಿದ ಮಗು ಸುಗ್ಗಿಯ ನಂತರ ತೂಗಿದ ಮಗುವಿಗಿಂತ ಹಗುರವಾಗಿರುತ್ತದೆ.

ಇನ್ನೊಂದು ಪರೀಕ್ಷೆ ತೀವ್ರ ಕೃಶತೆಯದು. ಅಂಕಗಳ ಹರವು ಮಾನದಂಡದಂತೆ 1 ಇದ್ದು, ಶೇ. 19.5 ಮಕ್ಕಳು ಮೈನಸ್ 2ರ ಕೆಳಗಿದ್ದರೆ, ಮೈನಸ್ 3ರ ಕೆಳಗೆ ಸುಮಾರು ಶೇ. 3 ಮಕ್ಕಳಿರಬೇಕೆಂದು ಗಣಿತ ಹೇಳುತ್ತದೆ. ಐದನೇ ಸುತ್ತಿನಲ್ಲಿ ದಾಖಲಾದದ್ದು ಶೇ. 8.4. ನಾಲ್ಕನೇ ಸುತ್ತಿನಲ್ಲಿ ಸುಮಾರು ಶೇ. 5 ಇರಬೇಕಾದಲ್ಲಿ ಶೇ. 10.5, ಮೂರನೇ ಸುತ್ತಿನಲ್ಲಿ ಶೇ. 3ಕ್ಕಿಂತ ಕಡಿಮೆ ಇರಬೇಕಾದಲ್ಲಿ ಶೇ. 5.9. ದೇಶದ ಒಟ್ಟು ಅಂಕಿಯಲ್ಲೂ ಇಂಥದೇ ಅಸಂಗತಿ ಇದೆ. ನಾಲ್ಕರಿಂದ ಐದನೇ ಸುತ್ತಿಗೆ ಕೃಶತೆ ಶೇ. 21ರಿಂದ 19.3ಕ್ಕೆ ಇಳಿದರೂ ತೀವ್ರ ಕೃಶತೆ ಶೇ. 7.5ರಿಂದ 7.7ಕ್ಕೆ ಏರಿತು. ಬಡವ-ಬಲ್ಲಿದ, ಹಳ್ಳಿ-ಪಟ್ಟಣಗಳ ನಡುವಿನ ನಿಜವಾದ ಅಂತರದಿಂದಲೂ ಹರವು ಹಿಗ್ಗಬಹುದು. ಆದರೆ ಎರಡು-ಮೂರು ಪಟ್ಟು ಹಿಗ್ಗಿದ ಅಂಚು ಅಳತೆಯ ಗುಣಮಟ್ಟವನ್ನು ಪ್ರಶ್ನಿಸಲು ಸಾಕಷ್ಟು ಕಾರಣ. ಐದನೇ ಸುತ್ತಿನ ಇಳಿಕೆಯನ್ನು ಸುಧಾರಣೆ ಎಂದು ಕೊಂಡಾಡುವವರು ನಾಲ್ಕನೇ ಸುತ್ತಿನ ಏರಿಕೆಯನ್ನು ಅಳತೆಯ ದೋಷ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಅನುಮಾನ ಎರಡಕ್ಕೂ ಅನ್ವಯಿಸುತ್ತದೆ.

ಅಳತೆಗೋಲೇ ಬದಲಾದಾಗ

ಕೆಲವು ಅಸಂಗತಿಗಳಿಗೆ ಅಳೆದವರು ಕಾರಣರೇ ಅಲ್ಲ. 1998-99ರ ಎರಡನೇ ಸುತ್ತಿನ ವರದಿಯಲ್ಲಿ ಕರ್ನಾಟಕದ ಕುಂಠಿತ ಮಕ್ಕಳ ಪ್ರಮಾಣ ಶೇ. 36.6. ಅದನ್ನು ಮೂರನೇ ಸುತ್ತಿನ 43.7ರ ಜೊತೆ ಇಟ್ಟರೆ ಪರಿಸ್ಥಿತಿ ಹದಗೆಟ್ಟಿತೆಂದು ತೋರುತ್ತದೆ. ಆದರೆ ಎರಡನೇ ಸುತ್ತು ಅಳೆದದ್ದು ಮೂರು ವರ್ಷದೊಳಗಿನವರನ್ನು ಮಾತ್ರ. ಹೋಲಿಸಿದ್ದು ಅಮೆರಿಕದ ಮಕ್ಕಳ ಹಳೆಯ ಮಾನದಂಡಕ್ಕೆ. ಮೂರನೇ ಸುತ್ತಿನಲ್ಲಿ ದೇಶದ ಮೂರು ವರ್ಷದೊಳಗಿನ ಅದೇ ಮಕ್ಕಳಿಗೆ ಎರಡೂ ಮಾನದಂಡ ಹಚ್ಚಿ ನೋಡಿದಾಗ ಕುಂಠಿತ ಬೆಳವಣಿಗೆ ಶೇ. 38.4ರಿಂದ 44.9ಕ್ಕೆ ಏರಿತು, ಕಡಿಮೆ ತೂಕ ಶೇ. 45.9ರಿಂದ 40.4ಕ್ಕೆ ಇಳಿಯಿತು. ಮಕ್ಕಳು ಅವರೇ, ಅಳತೆ ಅದೇ, ಗೋಲು ಮಾತ್ರ ಬೇರೆ.

ವಯಸ್ಕರ ವಿಷಯದಲ್ಲೂ ಹೀಗೆಯೇ. ಐದನೇ ಸುತ್ತಿನಲ್ಲಿ ಮೊದಲ ಬಾರಿಗೆ ಸೊಂಟ ಮತ್ತು ನಿತಂಬದ ಸುತ್ತಳತೆಯನ್ನು ಪಡೆಯಲಾಯಿತು. ಎತ್ತರ-ತೂಕದ ಲೆಕ್ಕದಲ್ಲಿ ದೇಶದ ಶೇ. 24ರಷ್ಟು ಮಹಿಳೆಯರು ಅಧಿಕ ತೂಕದವರು. ಸೊಂಟ-ನಿತಂಬದ ಅನುಪಾತದ ಲೆಕ್ಕದಲ್ಲಿ ಅಪಾಯದ ಗೆರೆ ದಾಟಿದವರು ಶೇ. 57. ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಭಾರತೀಯರ ದೇಹಪ್ರಕೃತಿ ಇದಕ್ಕೆ ಒಂದು ಕಾರಣ. ಬಟ್ಟೆಯ ಮೇಲೆ ಟೇಪು ಸುತ್ತಿದಾಗ ಬರುವ ವ್ಯತ್ಯಾಸ ಇನ್ನೊಂದು ಸಾಧ್ಯತೆ.

ಜಿಲ್ಲೆಯ ಅಂಕಿ ಎಷ್ಟು ಗಟ್ಟಿ?

ಜಿಲ್ಲಾವಾರು ಅಂಕಿಗಳು ಪೂರ್ಣವಾಗಿ ಲಭ್ಯವಾದದ್ದು ನಾಲ್ಕನೇ ಸುತ್ತಿನಿಂದ. ಐದನೇ ಸುತ್ತಿನಲ್ಲಿ ರಾಜ್ಯದ ಆಗಿನ 30 ಜಿಲ್ಲೆಗಳಲ್ಲಿ ಭೇಟಿ ಕೊಟ್ಟದ್ದು ಒಟ್ಟು ಸುಮಾರು 26,500 ಮನೆಗಳಿಗೆ. ಸರಾಸರಿ ತೆಗೆದರೆ ಜಿಲ್ಲೆಗೆ 900ಕ್ಕಿಂತ ಕಡಿಮೆ. ಎಲ್ಲ ಮನೆಗಳಲ್ಲೂ ಎಳೆಯ ಮಕ್ಕಳಿರುವುದಿಲ್ಲ. ಒಂದು ಜಿಲ್ಲೆಯಲ್ಲಿ 250 ಮಕ್ಕಳನ್ನು ಅಳೆದು ಶೇ. 25ರಲ್ಲಿ ಕೃಶತೆ ಕಂಡಿತೆಂದು ಇಟ್ಟುಕೊಂಡರೆ, ನಿಜವಾದ ಪ್ರಮಾಣ ಶೇ. 20ರಿಂದ 30ರ ನಡುವೆ ಎಲ್ಲಾದರೂ ಇರಬಹುದು. ಅಂಥ ಎರಡು ಸುತ್ತುಗಳ ನಡುವೆ ಏಳೆಂಟು ಅಂಶದ ವ್ಯತ್ಯಾಸ ಕೇವಲ ಆಕಸ್ಮಿಕವಾಗಿಯೂ ಬರಬಲ್ಲದು.

ರಾಜ್ಯ ಮಟ್ಟದಲ್ಲಿ ಸಾವಿರಾರು ಮಕ್ಕಳನ್ನು ಅಳೆಯುವುದರಿಂದ 26.1 ಮತ್ತು 19.5ರ ಅಂತರವನ್ನು ಆಕಸ್ಮಿಕ ಎನ್ನಲಾಗದು. ಆದರೆ ಧಾರವಾಡ, ಗದಗ, ಹಾವೇರಿಗಳನ್ನು ಒಂದೆರಡು ಅಂಶದ ಅಂತರದಲ್ಲಿ ಮೇಲೆ-ಕೆಳಗೆ ಜೋಡಿಸಿ ಶ್ರೇಣಿ ನೀಡುವುದಕ್ಕೆ ಈ ಅಂಕಿಗಳಲ್ಲಿ ಬಲವಿಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರದ ಒಂದು ವಾರ್ಡಿನ ಸ್ಥಿತಿಯನ್ನಂತೂ ಇವು ಹೇಳಲಾರವು.

ಅಂಗನವಾಡಿಯ ಲೆಕ್ಕ ಬೇರೆ

ವಾರ್ಡು, ಓಣಿಗಳ ಮಟ್ಟದ ಲೆಕ್ಕ ಇರುವುದು ಅಂಗನವಾಡಿಗಳಲ್ಲಿ. 1975ರ ಅಕ್ಟೋಬರ್ 2ರಂದು ತಿರುಮಕೂಡಲು ನರಸೀಪುರದಲ್ಲಿ ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಂದಿನಿಂದ ಮಕ್ಕಳನ್ನು ತೂಗುವುದು ಕಾರ್ಯಕರ್ತೆಯರ ಕೆಲಸ. 2018ರ ಪೋಷಣ್ ಅಭಿಯಾನದ ನಂತರ ಎತ್ತರ ಅಳೆಯುವ ಸಾಧನಗಳೂ ಬಂದವು. 2021ರಿಂದ ಅಳತೆಗಳು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ದಾಖಲಾಗುತ್ತಿವೆ.

ಕೇಂದ್ರ ಸರ್ಕಾರ 2024ರಲ್ಲಿ ಸಂಸತ್ತಿಗೆ ನೀಡಿದ ಟ್ರ್ಯಾಕರ್ ಅಂಕಿಗಳ ಪ್ರಕಾರ ದೇಶದಲ್ಲಿ ಕುಂಠಿತ ಬೆಳವಣಿಗೆ ಸುಮಾರು ಶೇ. 37, ಕಡಿಮೆ ತೂಕ ಶೇ. 17, ಕೃಶತೆ ಶೇ. 6. ಐದನೇ ಸುತ್ತಿನ ಸಮೀಕ್ಷೆಯಲ್ಲಿ ಇವು ಕ್ರಮವಾಗಿ ಶೇ. 35.5, 32.1 ಮತ್ತು 19.3. ಎತ್ತರದ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ತೂಕ ಬೆರೆತ ಎರಡೂ ಸೂಚ್ಯಂಕಗಳು ಅರ್ಧಕ್ಕೆ, ಮೂರರಲ್ಲೊಂದು ಭಾಗಕ್ಕೆ ಕುಸಿಯುತ್ತವೆ. ಅಂಗನವಾಡಿಗೆ ಬರುವ ಮಕ್ಕಳು ಎಲ್ಲ ಮಕ್ಕಳ ಪ್ರತಿನಿಧಿಗಳಲ್ಲ, ವರ್ಷಗಳೂ ಬೇರೆ. ಆದರೂ ಹೆಜ್ಜೆಗುರುತಿನ ಲೆಕ್ಕದಲ್ಲಿ ಇಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ತಕ್ಕಡಿಯನ್ನು ಮತ್ತು ತೂಕ ದಾಖಲಾಗುವ ವಿಧಾನವನ್ನು. ಪ್ರತಿ ಕಡಿಮೆ ತೂಕದ ಮಗುವೂ ಕಾರ್ಯಕರ್ತೆಗೆ ಹೆಚ್ಚುವರಿ ಭೇಟಿ, ವರದಿ, ವಿವರಣೆಯ ಹೊರೆಯಾದರೆ, ಆ ವ್ಯವಸ್ಥೆಯೇ ತೂಕವನ್ನು ಮೇಲಕ್ಕೆ ಒತ್ತುತ್ತದೆ.

ಹಸಿವು ದೋಷವಲ್ಲ

ಅಳತೆಯಲ್ಲಿ ಲೋಪವಿದೆ ಎಂಬುದನ್ನು ಅಪೌಷ್ಟಿಕತೆಯೇ ಇಲ್ಲವೆಂದು ವಾದಿಸಲು ಬಳಸುವ ಅಪಾಯವೂ ಇದೆ. ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ವರದಿಗಳ ಹಿನ್ನೆಲೆಯಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅಧ್ಯಕ್ಷತೆಯ ಸಮಿತಿ 2012ರಲ್ಲಿ ವರದಿ ನೀಡಿದ್ದನ್ನು ರಾಜ್ಯ ಮರೆಯುವಂತಿಲ್ಲ. ಅನುಮಾನದ ಕೇಂದ್ರವಾಗಿರುವ ಎತ್ತರದ ಅಳತೆಯನ್ನು ಪೂರ್ತಿ ಬದಿಗಿಟ್ಟರೂ ಕಡಿಮೆ ತೂಕದ ಸಾಲು ಉಳಿಯುತ್ತದೆ: ಶೇ. 37.6, 35.2, 32.9. ಇದರಲ್ಲಿ ಜಿಗಿತವಿಲ್ಲ, ಕುಸಿತವಿಲ್ಲ. ಸುಮಾರು ಹದಿನಾಲ್ಕು ವರ್ಷಗಳಲ್ಲಿ ಐದು ಅಂಶವೂ ಇಳಿಯದ, ಮೂವರಲ್ಲಿ ಒಬ್ಬರನ್ನು ಹಿಡಿದಿಟ್ಟ ಹಟಮಾರಿ ಕೊರತೆ ಅದು. ಕೃಶತೆಯ ಏರಿಳಿತದ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದೆ ಹೋದದ್ದು ಇದೇ.

ಪರಿಹಾರ ದುಬಾರಿಯೂ ಅಲ್ಲ, ಹೊಸದೂ ಅಲ್ಲ. ಸಮೀಕ್ಷೆಯ ಒಂದು ಭಾಗದ ಮಕ್ಕಳನ್ನು ಬೇರೆ ತಂಡ ಮತ್ತೆ ಅಳೆಯುವುದು, ಜಿಲ್ಲಾವಾರು ಶೇಕಡಾವಾರಿನ ಪಕ್ಕದಲ್ಲೇ ಹರವು ಮತ್ತು ತಿರಸ್ಕೃತ ಅಳತೆಗಳ ಪ್ರಮಾಣವನ್ನು ಪ್ರಕಟಿಸುವುದು, ಎಲ್ಲ ಸುತ್ತುಗಳನ್ನೂ ಒಂದೇ ಋತುವಿನಲ್ಲಿ ನಡೆಸುವುದು ಮೊದಲ ಹೆಜ್ಜೆಗಳು. ಸಮೀಕ್ಷೆಯ ಮೂಲ ದತ್ತಾಂಶ ಸಂಶೋಧಕರಿಗೆ ಮುಕ್ತವಾಗಿದೆ. ಧಾರವಾಡದಲ್ಲೇ ಜೆಎಸ್ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಮತ್ತು ಮಾನವಶಾಸ್ತ್ರ ವಿಭಾಗಗಳಿವೆ. ಇಲ್ಲಿ ಲೆಕ್ಕ ಹಾಕಿದ ಹರವು, ಗುಂಪುಗೂಡುವಿಕೆಗಳ ಪರೀಕ್ಷೆಯನ್ನು ಜಿಲ್ಲೆ ಜಿಲ್ಲೆಗೂ ಮಾಡುವ ವಿದ್ಯೆ ಊರಿನಲ್ಲೇ ಇದೆ.

ಒಂದು ಮಗುವಿನ ಮಟ್ಟಿಗೆ ಈ ಚರ್ಚೆಯ ತಿರುಳು ಇನ್ನೂ ಸರಳ. ತೀವ್ರ ಕೃಶತೆಯ ಮಗುವನ್ನು ಸಹಜವೆಂದು ಬರೆದರೆ ಚಿಕಿತ್ಸೆ ತಪ್ಪಿ ಜೀವಕ್ಕೆ ಅಪಾಯ. ಸಹಜ ಮಗುವನ್ನು ತೀವ್ರ ಕೃಶ ಎಂದು ಬರೆದರೆ ಕೂಲಿ ಬಿಟ್ಟು ತಾಯಿ ಎರಡು ವಾರ ಪುನಶ್ಚೇತನ ಕೇಂದ್ರದಲ್ಲಿ ಕೂರಬೇಕಾದೀತು. ಆದ್ದರಿಂದ ಒಂದು ದಿನದ ಅಳತೆಗಿಂತ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ರೇಖೆ ಹೆಚ್ಚು ವಿಶ್ವಾಸಾರ್ಹ. ಆ ರೇಖೆ ಎರಡು-ಮೂರು ತಿಂಗಳು ಸತತ ಕೆಳಮುಖವಾಗಿದ್ದರೆ ವೈದ್ಯರನ್ನು ಕಾಣಬೇಕು. ಒಂದೇ ತಿಂಗಳಲ್ಲಿ ಹಠಾತ್ತನೆ ಜಿಗಿದಿದ್ದರೆ ಅಥವಾ ಕುಸಿದಿದ್ದರೆ, ಮಗುವಿನ ಜುಟ್ಟು ಬಿಚ್ಚಿ, ದಪ್ಪ ಬಟ್ಟೆ ತೆಗೆದು, ಮತ್ತೊಮ್ಮೆ ಅಳೆಯುವಂತೆ ಅಂಗನವಾಡಿಯಲ್ಲಿ ಕೇಳುವುದು ಪ್ರತಿ ಪೋಷಕರ ಹಕ್ಕು.